ಖಾನಾಪುರ ದಾರಿಯ ಹಳೆಯ ಪರಿಚಿತರು

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಕೋಟೆಯ ಪಕ್ಕದ ಬಸ್ ನಿಲ್ದಾಣದಲ್ಲಿ ಹತ್ತಿದವರಿಗೆ ಟಿಳಕವಾಡಿ, ಪೀರನವಾಡಿ ದಾಟುವಷ್ಟರಲ್ಲಿ ನಗರದ ಗದ್ದಲ ಹಿಂದಾಗುತ್ತದೆ. ಭತ್ತದ ಗದ್ದೆಗಳು, ಕೆಂಪು ಹಂಚಿನ ಮನೆಗಳು, ದೂರದಲ್ಲಿ ಸಹ್ಯಾದ್ರಿಯ ನೀಲಿ ಗೆರೆ ಕಾಣತೊಡಗುತ್ತವೆ. ಬಸ್ಸಿನೊಳಗೆ ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುತ್ತವೆ. ಪ್ರವಾಸಕ್ಕೆಂದು ಬಂದವರಲ್ಲಿ ಹಲವರು ಕೋಟೆ ನೋಡಿ, ಕುಂದಾ ಕಟ್ಟಿಸಿಕೊಂಡು, ಗೋವೆಯ ಕಡೆ ಮುಖ ಮಾಡಿಬಿಡುತ್ತಾರೆ. ಆದರೆ ಮಕ್ಕಳನ್ನು ಕರೆದುಕೊಂಡು ಎರಡು ದಿನ ನಿಧಾನವಾಗಿ ಸುತ್ತಾಡುವವರಿಗೆ ಇಲ್ಲಿ ಬೇರೊಂದು ಸಂಪತ್ತು ಕಾದಿದೆ. ಅದು ಕತೆಗಳ ಸಂಪತ್ತು.

ಈ ಕತೆಗಳಿಗೆ ಒಂದು ವಿಶೇಷವುಂಟು. ಕೇಳುತ್ತಿದ್ದಂತೆ 'ಇವರನ್ನು ಎಲ್ಲೋ ನೋಡಿದ್ದೇವಲ್ಲ' ಎನಿಸುತ್ತದೆ. ಮದುವೆ ಚಪ್ಪರದಿಂದ ಮರಳಿಹೋದ ಮದುಮಗ, ಮುಖ ಮುಚ್ಚಿಕೊಂಡು ಊಳಿಗ ಮಾಡುವ ಚೆಲುವೆ, ಮೋಸದಿಂದ ಸಿಕ್ಕಿಬಿದ್ದ ವೀರ, ನೀರಿನಿಂದ ನೆಲವನ್ನೆತ್ತಿದ ಪ್ರಾಣಿ, ಮಣ್ಣ ಕೊಡದಲ್ಲಿ ನೀರು ತರುವ ಪತಿವ್ರತೆ. ಇವರೆಲ್ಲ ಬೆಳಗಾವಿ ಸೀಮೆಯವರೂ ಹೌದು, ಜಗತ್ತಿನ ಹಲವು ಮೂಲೆಗಳವರೂ ಹೌದು. ಸಾಹಿತ್ಯದ ವಿದ್ವಾಂಸರು ಇಂಥ ಮತ್ತೆಮತ್ತೆ ಬರುವ ಪಾತ್ರಗಳನ್ನೂ ಸನ್ನಿವೇಶಗಳನ್ನೂ ಆದಿಪ್ರತಿಮೆಗಳು ಎಂದು ಕರೆಯುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ (1875–1961) ಈ ಮಾತಿಗೆ ಹೆಚ್ಚು ಪ್ರಚಾರ ತಂದುಕೊಟ್ಟವರು. ಪುಸ್ತಕದಲ್ಲಿ ಓದಿದರೆ ಕಠಿಣವೆನಿಸುವ ಈ ವಿಷಯವನ್ನು ಖಾನಾಪುರದ ದಾರಿಯಲ್ಲಿ ನಡೆದಾಡುತ್ತಲೇ ತಿಳಿದುಕೊಳ್ಳಬಹುದು.

ಮರಳಿಹೋದ ಮದುಮಗ

ಪಯಣ ಕೋಟೆಯಿಂದಲೇ ಆರಂಭವಾಗಲಿ. ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿ ಇದೆ. ಸವದತ್ತಿಯ ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಇದನ್ನು ಕಟ್ಟಿಸಿದ. ಒಳಗೆ ನಿಂತು ತಲೆಯೆತ್ತಿದರೆ ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿರುವುದು ಕಾಣುತ್ತದೆ. ಅದಕ್ಕೆ 72 ದಳಗಳು. ಹಿಂದಿನ, ಇಂದಿನ, ಮುಂದಿನ ಕಾಲಗಳ ತಲಾ 24 ತೀರ್ಥಂಕರರ ಲೆಕ್ಕ ಅದು. ಬಸದಿಯ ಮೂಲನಾಯಕ ನೇಮಿನಾಥ, ಇಪ್ಪತ್ತೆರಡನೆಯ ತೀರ್ಥಂಕರ.

ನೇಮಿನಾಥನ ಕತೆ ಚಿಕ್ಕದು. ಮದುವೆಯ ಮೆರವಣಿಗೆಯಲ್ಲಿ ಹೊರಟ ರಾಜಕುಮಾರನಿಗೆ ಪ್ರಾಣಿಗಳ ಆಕ್ರಂದನ ಕೇಳಿಸುತ್ತದೆ. ಮದುವೆಯ ಊಟಕ್ಕಾಗಿ ಅವುಗಳನ್ನು ಕೂಡಿಹಾಕಿದ್ದಾರೆಂದು ತಿಳಿಯುತ್ತದೆ. ಆತ ರಥ ತಿರುಗಿಸಿ, ಒಡವೆ ಕಳಚಿ, ತಪಸ್ಸಿಗೆ ಹೊರಟುಬಿಡುತ್ತಾನೆ. ಅತ್ತ ಮದುಮಗಳಾಗಿ ಕಾಯುತ್ತಿದ್ದ ರಾಜಿಮತಿಯೂ ಅದೇ ದಾರಿ ಹಿಡಿಯುತ್ತಾಳೆ.

ಈ ಕತೆ ಕೇಳಿದ ಯಾವ ವಿದ್ಯಾರ್ಥಿಗೂ ಕಪಿಲವಸ್ತುವಿನ ಸಿದ್ಧಾರ್ಥ ನೆನಪಾಗದೆ ಇರಲಾರ. ಆತನೂ ರಥದಲ್ಲಿ ಹೊರಟವನೇ. ದಾರಿಯಲ್ಲಿ ಕಂಡ ಮುಪ್ಪು, ರೋಗ, ಸಾವು ಆತನ ಬಾಳನ್ನೇ ತಿರುಗಿಸಿದವು. ಸುಖದ ಹಾದಿಯಲ್ಲಿ ಹೊರಟವನನ್ನು ಬೇರೆಯವರ ನೋವು ತಡೆದು ನಿಲ್ಲಿಸುವುದು ಈ ಎರಡೂ ಕತೆಗಳ ಜೀವಾಳ. ಆದರೂ ಎರಡೂ ಒಂದೇ ಅಲ್ಲ. ಸಿದ್ಧಾರ್ಥನಿಗೆ ಎದುರಾದದ್ದು ಯಾರೂ ತಪ್ಪಿಸಲಾಗದ ಮುಪ್ಪು ಮತ್ತು ಸಾವು. ನೇಮಿನಾಥನಿಗೆ ಎದುರಾದದ್ದು ತನ್ನದೇ ಸಂಭ್ರಮಕ್ಕಾಗಿ ನಡೆಯಲಿದ್ದ ಹಿಂಸೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಜನ ಹಳೆಯ ಪಾತ್ರದ ಕೈಗೆ ತಮ್ಮ ಪ್ರಶ್ನೆಯನ್ನು ಕೊಟ್ಟರು. ಆದಿಪ್ರತಿಮೆಯ ಮೊದಲ ಪಾಠ ಇದೇ. ಎಲುಬಿನ ಹಂದರ ಒಂದೇ ಇದ್ದರೂ ಅದರೊಳಗಿನ ಜೀವ ಆಯಾ ಜನರದು.

ಲಿಂಗರಾಜ ಕಾಲೇಜಿನ ಮೇಷ್ಟರು

ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ ಆರಂಭವಾದದ್ದು. 1950ರ ದಶಕದಲ್ಲಿ ಇಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೈಸೂರಿನ ತರುಣರೊಬ್ಬರು ಮುಂದೆ ಜಗತ್ಪ್ರಸಿದ್ಧರಾದರು. ಅವರು ಎ.ಕೆ. ರಾಮಾನುಜನ್ (1929–1993). ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕವಿಗಳು, ವಚನಗಳನ್ನು ಇಂಗ್ಲಿಷಿಗೆ ತಂದವರು, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಉತ್ತರ ಕರ್ನಾಟಕದಲ್ಲಿ ಇದ್ದ ದಿನಗಳಲ್ಲಿ ಅವರು ಹೆಂಗಸರು ಹೇಳುವ ಜನಪದ ಕತೆಗಳನ್ನು ಬರೆದುಕೊಳ್ಳುತ್ತಿದ್ದರು. ಅಜ್ಜಿ ಹೇಳುವ ಕತೆಯೂ ಅಭ್ಯಾಸಕ್ಕೆ ಯೋಗ್ಯವೆಂದು ಆಗ ಒಪ್ಪುವವರು ಕಡಿಮೆ.

ಅವರ ಸಂಗ್ರಹದಲ್ಲಿ 'ಹಂಚಿ' ಎಂಬ ಕನ್ನಡ ಕತೆ ಇದೆ. ಹೊಂಗೂದಲಿನ ಹುಡುಗಿಯೊಬ್ಬಳ ಚೆಲುವನ್ನು ಕಂಡು ಒಡಹುಟ್ಟಿದ ಅಣ್ಣನೇ ಆಕೆಯನ್ನು ಮದುವೆಯಾಗುತ್ತೇನೆಂದು ಹಟ ಹಿಡಿಯುತ್ತಾನೆ. ದಿಕ್ಕು ತೋಚದ ತಾಯಿ ಕುಂಬಾರನ ಹತ್ತಿರ ಹೋಗಿ ಮಣ್ಣಿನ ಮುಖವಾಡ ಮಾಡಿಸಿ, ಮಗಳ ಮುಖಕ್ಕೆ ತೊಡಿಸಿ, ರಾತ್ರೋರಾತ್ರಿ ಮನೆಯಿಂದ ಕಳಿಸಿಬಿಡುತ್ತಾಳೆ. ಹಂಚಿನ ಮುಖದವಳಿಗೆ ಹಂಚಿ ಎಂದೇ ಹೆಸರು ಬೀಳುತ್ತದೆ. ಆಕೆ ಒಬ್ಬ ಸಾಹುಕಾರನ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಎಲ್ಲರೂ ತೋಟದ ಊಟಕ್ಕೆ ಹೋದ ದಿನ ಮುಖವಾಡ ತೆಗೆದು ಎರೆದುಕೊಳ್ಳುವಾಗ ಸಾಹುಕಾರನ ಮಗ ನೋಡುತ್ತಾನೆ. ಮದುವೆಯೂ ಆಗುತ್ತದೆ.

ಇದು ಸಿಂಡ್ರೆಲಾ ಅಲ್ಲವೇ ಎಂದು ಇಂಗ್ಲಿಷ್ ಶಾಲೆಯ ಮಕ್ಕಳು ಕೂಡಲೇ ಕೇಳುತ್ತಾರೆ. ಹೌದು, ಅದೇ ಬಳಗದ ಕತೆ. ಫ್ರಾನ್ಸಿನ ಪೆರೋ 1697ರಲ್ಲಿ, ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಇದನ್ನು ಅಚ್ಚು ಹಾಕಿಸಿದರು. ಅವರಿಗಿಂತ ಬಹಳ ಮೊದಲು, ಒಂಬತ್ತನೆಯ ಶತಮಾನದಲ್ಲಿ ಚೀನದ ಡುವಾನ್ ಚೆಂಗ್‌ಷಿ ಎಂಬಾತ ಯೆ ಷಿಯನ್ ಎಂಬ ಹುಡುಗಿಯ ಕತೆ ಬರೆದಿಟ್ಟ. ಆಕೆಗೂ ಮಲತಾಯಿ ಇದ್ದಳು, ಆಕೆಯ ಪಾದರಕ್ಷೆಯೂ ಕಳೆದುಹೋಗಿತ್ತು. 1893ರಲ್ಲಿ ಮೇರಿಯನ್ ಕಾಕ್ಸ್ ಎಂಬ ಇಂಗ್ಲಿಷ್ ಮಹಿಳೆ ಈ ಬಗೆಯ 345 ಕತೆಗಳನ್ನು ಕಲೆಹಾಕಿದರು. 1982ರಲ್ಲಿ ಅಮೆರಿಕದ ಜಾನಪದ ತಜ್ಞ ಅಲನ್ ಡಂಡೆಸ್ ಸಿಂಡ್ರೆಲಾ ಕುರಿತ ಪ್ರಬಂಧಗಳ ಸಂಪುಟ ತಂದಾಗ ಅದರಲ್ಲಿ ಹಂಚಿಯೂ ಸೇರಿದಳು. ಗರತಿಯರ ಬಾಯಲ್ಲಿದ್ದ ಹುಡುಗಿ ಹೀಗೆ ವಿಶ್ವವಿದ್ಯಾಲಯದ ಕಪಾಟು ಏರಿದಳು.

ಆದರೆ ಮುಖ್ಯವಾದ ವ್ಯತ್ಯಾಸ ಮುಂದಿದೆ. ಪೆರೋನ ಕತೆ ಮದುವೆಯಲ್ಲಿ ಮುಗಿಯುತ್ತದೆ. ಹಂಚಿಯ ಕತೆ ಮದುವೆಯಲ್ಲಿ ಅರ್ಧಕ್ಕೆ ಮಾತ್ರ ಬಂದಿರುತ್ತದೆ. ಗಂಡನ ಮನೆಗೆ ಬಂದುಹೋಗುವ ಗುರುಸ್ವಾಮಿಯ ಕೆಟ್ಟ ಕಣ್ಣು ಆಕೆಯ ಮೇಲೆ ಬೀಳುತ್ತದೆ. ಆತನ ಮಂತ್ರತಂತ್ರ ಫಲಿಸದಾಗ ಆಕೆಯ ಶೀಲಕ್ಕೇ ಕಳಂಕ ಹಚ್ಚುತ್ತಾನೆ. ಮನೆಯವರು ನಂಬಿಬಿಡುತ್ತಾರೆ. ಪೆಟ್ಟಿಗೆಯಲ್ಲಿ ಹಾಕಿ ಆಕೆಯನ್ನು ಹೊರಗಟ್ಟಿದಾಗ ಕೈಹಿಡಿಯುವವಳು ಒಬ್ಬ ಮುದುಕಿ. ಪೆಟ್ಟಿಗೆಯಿಂದ ಹುಡುಗಿಯನ್ನು ಬಿಡಿಸಿ, ಆಕೆಯ ಬದಲು ಹುಚ್ಚುನಾಯಿಯನ್ನು ಹಾಕಿ ಮುಚ್ಚಿಡುತ್ತಾಳೆ. ಗುರುಸ್ವಾಮಿ ಆಸೆಯಿಂದ ಪೆಟ್ಟಿಗೆ ತೆರೆದಾಗ ತಕ್ಕದ್ದು ಅನುಭವಿಸುತ್ತಾನೆ. ಹೆಣ್ಣಿನ ನಿಜವಾದ ಪರೀಕ್ಷೆ ಮದುವೆಯ ಆಚೆಗಿದೆ, ಕೇಡು ಮನೆಯ ಒಳಗಿನಿಂದಲೂ ಗುರುವಿನ ವೇಷದಲ್ಲೂ ಬರಬಹುದು ಎಂಬುದನ್ನು ಕತೆ ಹೇಳಿದ ಹೆಂಗಸರು ಬಲ್ಲವರಾಗಿದ್ದರು. ಹೆಣ್ಣುಮಕ್ಕಳ ತಂದೆತಾಯಿಗಳು ಕೇಳಬೇಕಾದ ಕತೆ ಇದು.

ಮಣ್ಣು ಒಂದೇ, ಕೈ ಬೇರೆ

ಖಾನಾಪುರದಲ್ಲಿ ಇಳಿದವರಿಗೆ ಹಂಚಿಯ ಮುಖವಾಡ ಇನ್ನೊಮ್ಮೆ ನೆನಪಾಗುತ್ತದೆ. ಮಲಪ್ರಭೆಯ ದಂಡೆಯ ಈ ಪಟ್ಟಣ ಹಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಒಂದೇ. ಅದರಿಂದ ಬಂದ ಸಾವಿರ ಹಂಚುಗಳೂ ಒಂದೇ ತೆರ. ಕುಂಬಾರನ ತಿಗರಿಯ ಮೇಲೆ ಹಾಗಲ್ಲ. ಮಣ್ಣು ಅದೇ, ತಿಗರಿ ಅದೇ, ಆದರೂ ಪ್ರತಿ ಮಡಕೆಯ ಮೇಲೆ ಮಾಡಿದವನ ಬೆರಳ ಗುರುತಿರುತ್ತದೆ. ಕತೆಗಳು ಹಂಚಿನ ಹಾಗೆ ಅಚ್ಚಿನಿಂದ ಬರುವುದಿಲ್ಲ, ತಿಗರಿಯಿಂದ ಬರುತ್ತವೆ.

ಹಾಗಾದರೆ ದೂರದೂರದ ಜನರ ಕತೆಗಳು ಒಂದನ್ನೊಂದು ಹೋಲುವುದೇಕೆ? ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗೈ, ಮನುಷ್ಯನ ತೋಳು ಹೊರನೋಟಕ್ಕೆ ಬೇರೆ. ಆದರೆ ಒಳಗಿನ ಎಲುಬುಗಳ ಜೋಡಣೆ ಒಂದೇ, ಏಕೆಂದರೆ ಮೂರಕ್ಕೂ ಪೂರ್ವಜ ಒಂದೇ. ಬಾವಲಿಯ ರೆಕ್ಕೆ ಮತ್ತು ಚಿಟ್ಟೆಯ ರೆಕ್ಕೆ ಎರಡೂ ಹಾರಲಿಕ್ಕೇ ಇವೆ. ಆದರೆ ಅವು ಒಂದೇ ಮೂಲದಿಂದ ಬಂದವಲ್ಲ, ಒಂದೇ ಅಗತ್ಯಕ್ಕಾಗಿ ಬೇರೆಬೇರೆಯಾಗಿ ಮೂಡಿದವು. ಕತೆಗಳಲ್ಲೂ ಹೀಗೆಯೇ. ಕೆಲವು ಒಂದೇ ತಾಯಿಬೇರಿನಿಂದ ಹೊರಟು ವ್ಯಾಪಾರಿಗಳು, ಯಾತ್ರಿಕರು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಜೊತೆ ನಾಡಿನಿಂದ ನಾಡಿಗೆ ನಡೆದವು. ಇನ್ನು ಕೆಲವು ಎಲ್ಲೆಡೆಯೂ ಒಂದೇ ಬಗೆಯ ಹುಟ್ಟು, ಭಯ, ಹಸಿವು, ಸಾವುಗಳನ್ನು ಕಂಡ ಮನುಷ್ಯರಲ್ಲಿ ತಂತಾವೇ ಹುಟ್ಟಿಕೊಂಡವು. ಯೂಂಗ್ ಇನ್ನೂ ಮುಂದೆ ಹೋಗಿ, ಇಡೀ ಮನುಕುಲಕ್ಕೆ ಸೇರಿದ ಸಾಮೂಹಿಕ ಅಪ್ರಜ್ಞೆಯೊಂದಿದೆ, ಈ ಪ್ರತಿಮೆಗಳು ಅಲ್ಲಿಂದ ಬರುತ್ತವೆ ಎಂದರು. ಇದನ್ನು ಎಲ್ಲರೂ ಒಪ್ಪಿಲ್ಲ. ಪ್ರಯೋಗಶಾಲೆಯಲ್ಲಿ ಒರೆಹಚ್ಚಲು ಸಿಗದ ಮಾತು ಅದು.

ವರ್ಗೀಕರಣವಾದರೂ ವಿಜ್ಞಾನದ ಹಾದಿಯಲ್ಲೇ ನಡೆಯಿತು. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಕತೆಗಳಿಗೆ ಸಸ್ಯಗಳ ಹಾಗೆ ಸಂಖ್ಯೆ ಕೊಟ್ಟರು. ಅಮೆರಿಕದ ಸ್ಟಿತ್ ಥಾಮ್ಸನ್ ಅದನ್ನು ಬೆಳೆಸಿದರು. ಹಂಚಿಯ ಮೊದಲ ಅರ್ಧ ಆ ಪಟ್ಟಿಯಲ್ಲಿ 510 ಬಿ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ನೂರು ರಷ್ಯನ್ ಕತೆಗಳನ್ನು ಬಿಡಿಸಿ ನೋಡಿ, ಪಾತ್ರಗಳ ಹೆಸರು ಬದಲಾದರೂ ಅವು ಮಾಡುವ ಕೆಲಸಗಳು 31ಕ್ಕಿಂತ ಹೆಚ್ಚಿಲ್ಲವೆಂದು ತೋರಿಸಿದರು. 2013ರಲ್ಲಿ ಬ್ರಿಟನ್ನಿನ ಜೇಮಿ ತೆಹ್ರಾನಿ ಜೀವಿಗಳ ವಂಶವೃಕ್ಷ ಬರೆಯುವ ಗಣಿತವನ್ನೇ ಬಳಸಿ ಕೆಂಪು ಟೊಪ್ಪಿಗೆಯ ಹುಡುಗಿ ಮತ್ತು ತೋಳದ ಕತೆಯ 58 ಪಾಠಗಳಿಗೆ ವಂಶವೃಕ್ಷ ಬರೆದರು. ಕತೆಯೂ ಜೀವಿಯಂತೆ ಬದಲಾಗುತ್ತ ಉಳಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಂದಗಡದ ಆಲ

ಖಾನಾಪುರದಿಂದ ನಂದಗಡ ಹೆಚ್ಚು ದೂರವಿಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲಿಯೇ. ಆತನ ಸಮಾಧಿಯ ಬಳಿ ದೊಡ್ಡ ಆಲದ ಮರ. ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ಅದರ ಸಸಿ ನೆಟ್ಟನೆಂದು ಜನ ಹೇಳುತ್ತಾರೆ. ಮಕ್ಕಳಾಗದವರು ಬಂದು ಹರಕೆ ಹೊತ್ತು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ನೇಣು ಕಂಡ ನೆಲದಲ್ಲಿ ತೊಟ್ಟಿಲು ತೂಗುವುದನ್ನು ನೋಡಿದವರು ಅರೆಗಳಿಗೆ ಸುಮ್ಮನಾಗುತ್ತಾರೆ. ಮಡಿದ ವೀರನಿಂದ ಮರ ಹುಟ್ಟುವುದು, ಆ ಮರದಿಂದ ಸಂತಾನ ಬರುವುದು ಜಗತ್ತಿನ ಅನೇಕ ಕಡೆ ಕಾಣುವ ನಂಬಿಕೆ.

ಲಾವಣಿ, ಗೀಗೀಪದಗಳ ರಾಯಣ್ಣನಲ್ಲಿ ಹಳೆಯ ಪರಿಚಿತರೆಲ್ಲ ಸೇರಿದ್ದಾರೆ. ತಾಯಿಯಂಥ ರಾಣಿ ಚೆನ್ನಮ್ಮ ಇದ್ದಾಳೆ. ಪಟ್ಟ ಕಳೆದುಕೊಂಡ ದತ್ತುಮಗು ಇದೆ. ಪ್ರಾಣ ಕೊಡುವ ಗೆಳೆಯರಿದ್ದಾರೆ. ಕೊನೆಗೆ ದ್ರೋಹ ಬಗೆಯುವ ಸೋದರಮಾವನೂ ಇದ್ದಾನೆ. ರಾಯಣ್ಣ ಕತ್ತಿ ಕೆಳಗಿಟ್ಟು ಹಳ್ಳದಲ್ಲಿ ಮೀಯುತ್ತಿದ್ದಾಗ ಹಿಡಿದರೆಂದು ಹಾಡು ಹೇಳುತ್ತದೆ. ಆಯುಧವಿಲ್ಲದ ಗಳಿಗೆಯಲ್ಲಿ ಮಾತ್ರ ಸೋಲುವ ವೀರ ಎಂದೊಡನೆ ರಥದ ಗಾಲಿ ಎತ್ತುತ್ತಿದ್ದ ಕರ್ಣ ಕಣ್ಣಮುಂದೆ ಬರುತ್ತಾನೆ. ಹಿಮ್ಮಡಿಯೊಂದೇ ದುರ್ಬಲವಾಗಿದ್ದ ಗ್ರೀಕರ ಅಖಿಲೀಸನೂ ಬರುತ್ತಾನೆ. ಕಿತ್ತೂರಿನ ಮದ್ದಿನಲ್ಲಿ ಸಗಣಿ, ನವಣೆ ಬೆರೆಸಿದ ದ್ರೋಹಿಗಳ ಕತೆಯನ್ನೂ ಇದೇ ಜನ ಹೇಳುತ್ತಾರೆ. ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ ಇರುವ ಮದ್ದಿಗೆ ಬೇರೇನು ಬೆರೆತರೂ ಅದು ಕೆಡುತ್ತದೆಂಬುದು ಕತೆಗಾರರಿಗೂ ಗೊತ್ತಿತ್ತು. ಬೈಲಹೊಂಗಲ ಸೀಮೆಯ ಸಂಗ್ಯಾ-ಬಾಳ್ಯಾ ಸಣ್ಣಾಟದಲ್ಲೂ ಗೆಳೆಯನನ್ನು ಸಾವಿಗೆ ಒಪ್ಪಿಸುವವನು ಗೆಳೆಯನೇ.

ಸೋಲಿನ ಕತೆಗಳಿಗೆ ದ್ರೋಹಿ ಬೇಕೇಬೇಕು. 'ನಮ್ಮವನು ಅವರಿಗಿಂತ ಕಡಿಮೆಯವನಲ್ಲ, ಮೋಸವಾಗದಿದ್ದರೆ ಗೆಲ್ಲುತ್ತಿದ್ದ' ಎಂಬ ಮಾತು ಸೋತವರ ಬೆನ್ನು ನೇರವಾಗಿಡುತ್ತದೆ. ಎದೆಗುಂದಿದ ಊರುಗಳಿಗೆ ಅದು ಬೇಕಾಗಿತ್ತು. ಆದರೆ ಇಲ್ಲೊಂದು ಅಪಾಯವೂ ಇದೆ. ದ್ರೋಹಿಯನ್ನು ಬೈದು ಕತೆ ಮುಗಿಸಿದರೆ ಉಳಿದ ಕಾರಣಗಳು ಮರೆಯಾಗುತ್ತವೆ. ರಾಯಣ್ಣ ಊರಿನ ಕಾವಲಿಗೆ ಪ್ರತಿಯಾಗಿ ಜಮೀನು ಪಡೆದ ಶೇತಸನದಿ. ಆ ಜಮೀನಿನ ಬಹುಭಾಗವನ್ನು ಕಂಪನಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡು, ಉಳಿದದ್ದಕ್ಕೆ ಭಾರಿ ಕಂದಾಯ ಹೇರಿತ್ತು. ಆತ ಬೀಡಿಯಂಥ ಊರುಗಳ ಕಚೇರಿಗಳಿಗೆ ಬೆಂಕಿ ಇಟ್ಟದ್ದು ಬರಿಯ ಕೋಪದಿಂದಲ್ಲ. ರೈತರ ಕೊರಳು ಬಿಗಿದ ಲೆಕ್ಕದ ಕಾಗದಗಳು ಆ ಕಚೇರಿಗಳಲ್ಲಿದ್ದವು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಮಡಿದ ಮೇಲೆ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ತೋಪುಗಳ ಲೆಕ್ಕವೂ ಕಂದಾಯದ ಲೆಕ್ಕವೂ ಲಾವಣಿಯಲ್ಲಿ ಬರುವುದು ಕಡಿಮೆ. ಅವುಗಳಿಗಾಗಿ ಇತಿಹಾಸದ ಪುಸ್ತಕ ತೆರೆಯಬೇಕು.

ಇದರ ಅರ್ಥ ರಾಯಣ್ಣ ಕತೆಯ ಪಾತ್ರವಷ್ಟೇ ಎಂದಲ್ಲ. ಇಂಗ್ಲೆಂಡಿನ ಲಾರ್ಡ್ ರ್‍ಯಾಗ್ಲನ್ 1936ರಲ್ಲಿ ಪುರಾಣವೀರರ ಬಾಳಿನಲ್ಲಿ ಮತ್ತೆಮತ್ತೆ ಬರುವ 22 ಅಂಶಗಳ ಪಟ್ಟಿ ಮಾಡಿ, ಅವುಗಳಿಗೆ ಹೆಚ್ಚು ಹೊಂದುವವನು ಇತಿಹಾಸದ ವ್ಯಕ್ತಿಯಾಗಿರಲಾರ ಎಂಬಂತೆ ವಾದಿಸಿದರು. 1965ರಲ್ಲಿ ಅಮೆರಿಕದ ಫ್ರಾನ್ಸಿಸ್ ಲೀ ಅಟ್ಲಿ ಅದೇ ಅಳತೆಗೋಲನ್ನು ಅಬ್ರಹಾಂ ಲಿಂಕನ್ನರಿಗೆ ಹಚ್ಚಿ, ಲಿಂಕನ್ ಇರಲೇ ಇಲ್ಲವೆಂದು ಹಾಸ್ಯವಾಗಿ 'ಸಾಧಿಸಿ' ತೋರಿಸಿದರು! ನಿಜವಾಗಿ ಬದುಕಿದವರ ಬಾಳನ್ನೂ ಜನ ಹಳೆಯ ತಿಗರಿಯ ಮೇಲಿಟ್ಟು ತಿರುಗಿಸುತ್ತಾರೆ. ಹಾಗೆ ತಿರುಗಿಸಿದ್ದರಿಂದಲೇ ಓದುಬರಹ ಬಾರದವರ ನೆನಪಿನಲ್ಲೂ ರಾಯಣ್ಣ ಸುಮಾರು ಎರಡು ಶತಮಾನ ಉಳಿದ. 2012ರಲ್ಲಿ ಸಿನಿಮಾ ಪರದೆಗೂ ಬಂದ.

ಪೀರನವಾಡಿಯ ವೃತ್ತ

ಬರುವ ದಾರಿಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಯೊಂದಿದೆ. 2020ರ ಆಗಸ್ಟಿನಲ್ಲಿ ಅದರ ಸ್ಥಾಪನೆ ಕುರಿತು ಕನ್ನಡಿಗರ ಮತ್ತು ಮರಾಠಿಗರ ನಡುವೆ ವಿವಾದವೆದ್ದು, ಕೊನೆಗೆ ಮಾತುಕತೆಯಿಂದ ತಣ್ಣಗಾಯಿತು. ವೃತ್ತಕ್ಕೆ ಶಿವಾಜಿ ಮಹಾರಾಜರ ಹೆಸರು, ಪ್ರತಿಮೆ ರಾಯಣ್ಣನದು ಎಂಬ ಒಪ್ಪಂದವಾಯಿತು. ವಾದ ಮಾಡಿದ ಎರಡೂ ಕಡೆಯವರ ಮನೆಗಳಲ್ಲಿ ಹೇಳುವ ವೀರಕತೆಗಳನ್ನು ಪಕ್ಕಪಕ್ಕ ಇಟ್ಟರೆ ಅಚ್ಚರಿಯಾಗುತ್ತದೆ. ಹರಸಿ ಕಳಿಸುವ ತಾಯಿ ಅಲ್ಲಿ ಜೀಜಾಬಾಯಿ, ಇಲ್ಲಿ ಚೆನ್ನಮ್ಮ. ಚಿಕ್ಕ ಪಡೆ, ದೊಡ್ಡ ಶತ್ರು, ಗುಡ್ಡಗಾಡಿನ ಗೆರಿಲ್ಲಾ ಯುದ್ಧ ಎರಡೂ ಕಡೆ ಇವೆ. ಬೈಲಹೊಂಗಲ ತಾಲ್ಲೂಕಿನ ಬೆಳವಡಿಯ ಮಲ್ಲಮ್ಮ ಶಿವಾಜಿಯ ಪಡೆಯೊಡನೆ ಹೋರಾಡಿದಳು, ಆತ ಆಕೆಯನ್ನು ತಂಗಿಯೆಂದು ಗೌರವಿಸಿದ ಎಂಬ ಕತೆಯನ್ನು ಈ ಸೀಮೆ ಇಂದಿಗೂ ಹೇಳುತ್ತದೆ. ಶತ್ರುವೇ ಅಣ್ಣನಾಗುವ ಈ ಹಳೆಯ ಪಾತ್ರವನ್ನು ಮಕ್ಕಳಿಗೆ ಪರಿಚಯಿಸುವುದು ಒಳ್ಳೆಯದು.

ಹಲಸಿಯ ವರಾಹ

ನಂದಗಡದಿಂದ ಮುಂದೆ ಹಲಸಿ. ಹಳೆಯ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. ಅವರ ತಾಮ್ರಪಟಗಳು ಇಲ್ಲಿ ದೊರೆತಿವೆ. ಗೋವೆಯ ಕದಂಬರ ಕಾಲದ, 12ನೆಯ ಶತಮಾನದ ಭೂವರಾಹ ನರಸಿಂಹ ದೇವಾಲಯ ಇಲ್ಲಿನ ಮುಖ್ಯ ಆಕರ್ಷಣೆ. ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರಲ್ಲಿ ಸುಮಾರು ಐದು ಅಡಿ ಎತ್ತರದ ಭೂವರಾಹ ಮೂರ್ತಿ.

ನೀರಿನಡಿ ಮುಳುಗಿದ ನೆಲವನ್ನು ಪ್ರಾಣಿಯೊಂದು ಮೇಲೆತ್ತುವ ಕತೆ ಸೈಬೀರಿಯಾದಲ್ಲೂ ಇದೆ, ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲೂ ಇದೆ. ಅಲ್ಲಿ ಬಾತುಕೋಳಿಯೋ ನೀರಿಲಿಯೋ ಮುಳುಗಿ, ತಳದಿಂದ ಒಂದು ಹಿಡಿ ಕೆಸರು ತರುತ್ತದೆ. ಅದನ್ನು ಆಮೆಯ ಬೆನ್ನ ಮೇಲಿಟ್ಟಾಗ ಭೂಮಿ ಬೆಳೆಯುತ್ತದೆ. ನಮ್ಮಲ್ಲೂ ವರಾಹನ ಕೆಲಸ ಸ್ಥಿರ, ಮಾಡುವವನು ಬದಲಾಗಿದ್ದಾನೆ. ವೇದಕಾಲದ ಬ್ರಾಹ್ಮಣ ಗ್ರಂಥಗಳಲ್ಲಿ ವರಾಹರೂಪಿ ಪ್ರಜಾಪತಿ, ಪುರಾಣಗಳಲ್ಲಿ ವಿಷ್ಣು. ಪ್ರಾಪ್ ಹೇಳಿದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮುಳುಗುತ್ತಿರುವ ನೆಲವನ್ನು ಎತ್ತುವವನೇ ಒಡೆಯ ಎಂಬ ಭಾವನೆ ರಾಜರಿಗೂ ಹಿಡಿಸಿತು. ಬಾದಾಮಿ ಚಾಲುಕ್ಯರು ವರಾಹವನ್ನೇ ಲಾಂಛನ ಮಾಡಿಕೊಂಡರು.

ಮರಳಿನ ಕೊಡ

ಖಾನಾಪುರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ, ಜಾಂಬೋಟಿಯ ಆಚೆ ಚೋರ್ಲಾ ಘಾಟಿನ ದಾರಿಯಲ್ಲಿ ಕಣಕುಂಬಿ ಇದೆ. ಮಲಪ್ರಭೆ ಹುಟ್ಟುವುದು ಇಲ್ಲಿ. ಮಾವುಲಿ ದೇವಿಯ ಗುಡಿಯ ಪರಿಸರದಿಂದ ಹೊರಟ ಸಣ್ಣ ನೀರು ಖಾನಾಪುರ ದಾಟಿ, ಸವದತ್ತಿಯ ಬಳಿ ರೇಣುಕಾಸಾಗರವಾಗಿ, ಐಹೊಳೆಯ ಪಕ್ಕದಲ್ಲಿ ಹರಿದು, 304 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ನದಿಯುದ್ದಕ್ಕೂ ಒಂದೇ ಕತೆ ಹರಿಯುತ್ತದೆ.

ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಹಸಿಮರಳಿನ ಕೊಡ ಮಾಡಿ ಅದರಲ್ಲೇ ನೀರು ತರುತ್ತಿದ್ದಳು. ಒಂದು ದಿನ ಗಂಧರ್ವರ ಜಲಕ್ರೀಡೆ ಕಂಡು ಮನಸ್ಸು ಅತ್ತ ಸರಿಯಿತು, ಕೊಡ ನಿಲ್ಲಲಿಲ್ಲ. ಕೋಪಗೊಂಡ ಗಂಡನ ಮಾತಿನಂತೆ ಮಗ ಪರಶುರಾಮ ತಾಯಿಯ ತಲೆ ಕಡಿದ, ಆಮೇಲೆ ವರ ಬೇಡಿ ಬದುಕಿಸಿದ. ರಕ್ತದ ಕೊಡಲಿಯನ್ನು ಆತ ಮಲಪ್ರಭೆಯಲ್ಲಿ ತೊಳೆದಾಗ ಕೆಂಪಾದ ಹೊಳೆ ಕಂಡವರ ಉದ್ಗಾರದಿಂದ ಐಹೊಳೆಗೆ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ರೋಮಿನಲ್ಲೂ ಇಂಥವಳೊಬ್ಬಳಿದ್ದಳು. ವೆಸ್ತಾ ದೇವಿಯ ಪೂಜಾರಿಣಿ ಟುಕ್ಕಿಯಾ ತನ್ನ ಮೇಲಿನ ಆರೋಪ ಸುಳ್ಳೆಂದು ತೋರಿಸಲು ಟೈಬರ್ ನದಿಯಿಂದ ಜರಡಿಯಲ್ಲಿ ನೀರು ಹೊತ್ತು ತಂದಳಂತೆ.

ಮರಳಿನ ಕೊಡ, ಜರಡಿ ಎರಡೂ ನೀರು ಹಿಡಿಯಲಾರವು. ಅಸಾಧ್ಯವಾದುದನ್ನು ಮಾಡಿ ತೋರಿಸು ಎಂದು ಹೆಣ್ಣನ್ನು ಮಾತ್ರ ಕೇಳುವುದೇಕೆ ಎಂಬ ಪ್ರಶ್ನೆ ಇಂದಿನ ಶಾಲೆಯ ಹುಡುಗಿಯರಿಗೆ ಸಹಜವಾಗಿ ಏಳುತ್ತದೆ. ಏಳಲಿ. ಈ ನದಿಯ ಜನ ಕೊಲ್ಲಿಸಿದ ಜಮದಗ್ನಿಗಿಂತ ಹೆಚ್ಚಾಗಿ ತಲೆ ಕಳೆದುಕೊಂಡ ತಾಯಿಯನ್ನೇ ಯಲ್ಲಮ್ಮನೆಂದು ಪೂಜಿಸಿದರು. ಕನ್ನಡ, ಮರಾಠಿ, ತೆಲುಗು ಮನೆಗಳಿಂದ ಇಂದಿಗೂ ಜನ ಸವದತ್ತಿಯ ಗುಡ್ಡಕ್ಕೆ ಬರುತ್ತಾರೆ. ಪ್ರಶ್ನೆಗೆ ಜನಪದರು ಕೊಟ್ಟ ಉತ್ತರ ಅದು.

ಹೇಳದೆ ಉಳಿದ ಕತೆ

ಖಾನಾಪುರದ ಮನೆಗಳಲ್ಲಿ ಮಕ್ಕಳಿಗೆ ಮೊದಲು ಸಿಗುತ್ತಿದ್ದದ್ದು ಕಾಗೆ-ಗುಬ್ಬಿಯ ಕತೆ. ಮಳೆಗೆ ಕಾಗೆಯ ಮನೆ ಕೊಚ್ಚಿಹೋಗುತ್ತದೆ. ಗುಬ್ಬಿಯ ಮನೆ ಗಟ್ಟಿ. ನೆಂದ ಕಾಗೆ ಬಾಗಿಲು ಬಡಿದರೆ, ಮಗುವಿಗೆ ಎರೆಯುತ್ತಿದ್ದೇನೆ, ಮಲಗಿಸುತ್ತಿದ್ದೇನೆ ಎಂದು ಗುಬ್ಬಿ ತಡಮಾಡುತ್ತದೆ. ಕನ್ನಡದ ಅಜ್ಜಿ ಹೇಳಿದರೂ ಮರಾಠಿಯ ಆಜಿ ಹೇಳಿದರೂ ಕತೆ ಇದೇ. ಇಂದಿನ ಮಕ್ಕಳಿಗೆ ಮೂರು ಹಂದಿಮರಿಗಳ ಹುಲ್ಲಿನ ಮನೆ, ಇಟ್ಟಿಗೆಯ ಮನೆ ಗೊತ್ತು. ಅದು ಪಠ್ಯದಲ್ಲಿದೆ, ಮೊಬೈಲಿನಲ್ಲಿದೆ. ಕಾಗಕ್ಕ-ಗುಬ್ಬಕ್ಕ ಅಜ್ಜಿಯ ಬಾಯಲ್ಲಷ್ಟೇ ಉಳಿದು, ಅಜ್ಜಿ ದೂರದ ಊರಿನಲ್ಲಿದ್ದಾಳೆ. ಹಂದಿಮರಿ ಬೇಡವೆಂದಲ್ಲ. ಗಟ್ಟಿಮನೆ ಕಟ್ಟಿಕೊಂಡವನು ಬದುಕಿದ ಎಂದು ಹಂದಿಮರಿಯ ಕತೆ ಹೇಳುತ್ತದೆ. ಗಟ್ಟಿಮನೆಯವನು ಬಾಗಿಲು ತೆರೆಯಬೇಕೋ ಬೇಡವೋ ಎಂದು ಗುಬ್ಬಿಯ ಕತೆ ಕೇಳುತ್ತದೆ. ಎರಡನ್ನೂ ಕೇಳಿದ ಮಗುವಿಗೆ ಮಾತ್ರ ಈ ಅಂತರ ತಿಳಿದೀತು.

ರಾಮಾನುಜನ್ ಸಂಗ್ರಹಿಸಿದ ಇನ್ನೊಂದು ಕನ್ನಡ ಕತೆ ಇಲ್ಲಿ ನೆನೆಯಬೇಕಾದದ್ದು. ಒಬ್ಬಾಕೆಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಉಸಿರುಗಟ್ಟಿದ ಅವು ಆಕೆ ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕತೆ ಜೋಡು ಚಪ್ಪಲಿಯಾಗಿ, ಹಾಡು ಗಂಡಸಿನ ಅಂಗಿಯಾಗಿ ಬಾಗಿಲಲ್ಲಿ ಕೂತವು. ಗಂಡ ಬಂದು ನೋಡಿ ಸಂಶಯಪಟ್ಟು, ಜಗಳವಾಡಿ, ಹನುಮಂತನ ಗುಡಿಯಲ್ಲಿ ಮಲಗಲು ಹೋದ. ಊರಿನ ದೀಪಗಳನ್ನು ಆರಿಸಿದ ಮೇಲೆ ಅವುಗಳ ಜ್ವಾಲೆಗಳೆಲ್ಲ ಅಲ್ಲಿ ಸೇರಿ ಹರಟುತ್ತಿದ್ದವು. ಅವನ ಮನೆಯ ಜ್ವಾಲೆ ತಡವಾಗಿ ಬಂದು ಕಾರಣ ಹೇಳಿದಾಗ ಆತನಿಗೆ ನಿಜ ತಿಳಿಯಿತು. ಮನೆಗೆ ಓಡಿಬಂದು ಕತೆ ಯಾವುದೆಂದು ಹೆಂಡತಿಯನ್ನು ಕೇಳಿದ. ಆಕೆಗೆ ಮರೆತೇ ಹೋಗಿತ್ತು. ಗಿರೀಶ ಕಾರ್ನಾಡರ 'ನಾಗಮಂಡಲ' (1988) ನಾಟಕದ ಆರಂಭದಲ್ಲಿ ಹರಟುವ ಜ್ವಾಲೆಗಳು ಇದೇ ಗುಡಿಯಿಂದ ಬಂದವು.

ಈ ದಾರಿಯಲ್ಲಿ ಶಾಲಾಪ್ರವಾಸ ಹೋಗುವವರು ಒಂದು ಸಣ್ಣ ಪ್ರಯೋಗ ಮಾಡಬಹುದು. ಪ್ರತಿ ವಿದ್ಯಾರ್ಥಿಯೂ ಒಂದೇ ಕತೆಯನ್ನು ಮೂರು ಮನೆಗಳಲ್ಲಿ ಕೇಳಿ ಬರೆದುಕೊಳ್ಳಲಿ. ಸಾಧ್ಯವಾದರೆ ಅವುಗಳಲ್ಲಿ ಒಂದು ಬೇರೆ ಭಾಷೆಯ ಮನೆಯಾಗಿರಲಿ. ಹೇಳಿದವರ ವಯಸ್ಸು, ಊರು, ತಾರೀಖು ಗುರುತು ಹಾಕಲಿ. ಆಮೇಲೆ ಕೋಷ್ಟಕ ಮಾಡಿ, ಯಾವುದು ಬದಲಾಗಿಲ್ಲ, ಯಾವುದು ಬದಲಾಗಿದೆ, ಏಕೆ ಎಂದು ಚರ್ಚಿಸಲಿ. ಖರ್ಚು ಒಂದು ನೋಟುಬುಕ್ಕಿನದು ಮಾತ್ರ.

ಹೋಗುವವರ ಗಮನಕ್ಕೆ: ಮೀರಜ್-ಲೋಂಡಾ ಮಾರ್ಗದ ರೈಲುಗಳಲ್ಲೂ ಬೆಳಗಾವಿಯಿಂದ ಬಸ್ಸಿನಲ್ಲೂ ಖಾನಾಪುರ ತಲುಪಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಅನುಕೂಲ. ಮೊದಲ ದಿನ ಕಮಲ ಬಸದಿ, ನಂದಗಡ, ಹಲಸಿ, ಎರಡನೆಯ ದಿನ ಕಣಕುಂಬಿ ಇಟ್ಟುಕೊಂಡರೆ ಅವಸರವಾಗದು. ಜೊತೆಗೆ ಅಜ್ಜಿಯನ್ನೂ ಕರೆದೊಯ್ದರೆ ದಾರಿಗೆ ಬೇಕಾದ ಕತೆಗಳಿಗೆ ಕೊರತೆಯಿಲ್ಲ.